ಮರ ಕಡಿದು ಉಳಿಸುವ ಬಯಲು



ಈ ಮಾತುಕತೆಯನ್ನು ಸಿದ್ಧಪಡಿಸುವಾಗ ನಾವು ಸಂಕಲನ ಕೊಠಡಿಯಲ್ಲಿ ಇಂಗ್ಲೆಂಡಿನ ಒಂದು ನಿಸರ್ಗಧಾಮದ ದೃಶ್ಯಗಳನ್ನು ನೋಡುತ್ತಿದ್ದೆವು. ಮಂಜು ಮುಸುಕಿದ ಚಳಿಗಾಲದ ಬೆಳಗು. ಮೊಣಕಾಲೆತ್ತರದ ಕುರುಚಲು ಗಿಡಗಳ ನಡುವೆ ಏಳೆಂಟು ಮಂದಿ ಸ್ವಯಂಸೇವಕರು ಕೈಗರಗಸ ಹಿಡಿದು ಎಳೆಯ ಪೈನ್ ಮರಗಳನ್ನು ಬುಡಕ್ಕೆ ಕತ್ತರಿಸಿ ರಾಶಿ ಹಾಕುತ್ತಿದ್ದರು. ಎಲ್ಲರ ಮುಖದಲ್ಲೂ ಒಳ್ಳೆಯ ಕೆಲಸ ಮಾಡುತ್ತಿರುವ ಸಂತೋಷ. ನಮ್ಮ ಸಂಕಲನಕಾರರು ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿ, "ಸಾರ್, ಇದನ್ನು ಹೀಗೇ ತೋರಿಸಿದರೆ ನೋಡಿದವರು ಸುಮ್ಮನಿರ್ತಾರಾ? ನಿಸರ್ಗಧಾಮದಲ್ಲೇ ಮರ ಕಡೀತಿದಾರಲ್ಲ!" ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಮರ ನೆಡುವುದು ಪುಣ್ಯ, ಕಡಿಯುವುದು ಪಾಪ ಎಂದು ನಾವೆಲ್ಲ ಪ್ರಾಥಮಿಕ ಶಾಲೆಯಿಂದಲೇ ಕಲಿತವರು. ಹಾಗಿದ್ದರೆ ನಿಸರ್ಗವನ್ನು ಕಾಯಬೇಕಾದವರೇ ಮರ ಕಡಿಯುವುದೇಕೆ? ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಹೀತ್ ಎಂದರೇನು?

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಡಾರ್ಸೆಟ್ ಎಂಬ ಪ್ರಾಂತವಿದೆ. ಅಲ್ಲಿನ ಪೂಲ್ ಎಂಬ ಬಂದರಿನ ದಕ್ಷಿಣಕ್ಕೂ ಪಶ್ಚಿಮಕ್ಕೂ ಮರಳು ನೆಲದ ಅಲೆಅಲೆಯಾದ ಬಯಲು ಹಬ್ಬಿದೆ. ಇದರಲ್ಲಿ ಎತ್ತರದ ಮರಗಳು ಕಡಿಮೆ, ಹುಲ್ಲೂ ಅಷ್ಟಾಗಿ ಇಲ್ಲ. ನೆಲವನ್ನೆಲ್ಲ ಹೆದರ್ ಎಂಬ ಗಟ್ಟಿ ಕಾಂಡದ, ಸೂಜಿಯಂತಹ ಪುಟ್ಟ ಎಲೆಗಳ ಕುರುಚಲು ಗಿಡ ಮುಚ್ಚಿರುತ್ತದೆ. ನಡುನಡುವೆ ಗೋರ್ಸ್ ಎಂಬ ಮುಳ್ಳುಪೊದೆ. ತಗ್ಗಿನಲ್ಲಿ ಜೌಗು. ಇಂತಹ ಬಯಲಿಗೆ ಅಲ್ಲಿಯವರು 'ಹೀತ್' ಎನ್ನುತ್ತಾರೆ.

ಇಂಗ್ಲಿಷ್ ಸಾಹಿತ್ಯ ಓದುವ ಕಾಲೇಜು ವಿದ್ಯಾರ್ಥಿಗಳಿಗೆ ಈ ಜಾಗ ಹೊಸದಲ್ಲ. ಥಾಮಸ್ ಹಾರ್ಡಿ 1878ರಲ್ಲಿ ಪ್ರಕಟಿಸಿದ 'ದಿ ರಿಟರ್ನ್ ಆಫ್ ದಿ ನೇಟಿವ್' ಕಾದಂಬರಿಯ ಎಗ್ಡನ್ ಹೀತ್ ಈ ಡಾರ್ಸೆಟ್ ಬಯಲುಗಳನ್ನು ನೋಡಿ ಕಟ್ಟಿದ್ದು. ಅದರ ನಾಯಕ ಕ್ಲಿಮ್ ಕಣ್ಣು ಮಂಜಾದ ಮೇಲೆ ಗೋರ್ಸ್ ಕಡಿಯುವ ಕೂಲಿಗೆ ಹೋಗುತ್ತಾನೆ. ಈ ಕೂಲಿಯ ಕೆಲಸವನ್ನು ನೆನಪಿನಲ್ಲಿಡಿ. ನಮ್ಮ ಪ್ರಶ್ನೆಯ ಉತ್ತರ ಅಲ್ಲಿಯೇ ಇದೆ.

ಮನುಷ್ಯ ಮಾಡಿದ ಬಯಲು

ಹೀತ್ ನೋಡಲು ಆದಿಕಾಲದಿಂದ ಯಾರೂ ಮುಟ್ಟದ ನೆಲದಂತೆ ಕಾಣುತ್ತದೆ. ನಿಜ ಹಾಗಿಲ್ಲ. ಅಲ್ಲಿನ ಜೌಗಿನ ಮಣ್ಣಿನಲ್ಲಿ ಪದರ ಪದರವಾಗಿ ಉಳಿದಿರುವ ಪರಾಗಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಹಳೆಯ ಕಥೆ ಹೊರಬರುತ್ತದೆ. ಕೆಳಗಿನ ಪದರಗಳಲ್ಲಿ ಮರಗಳ ಪರಾಗ, ಮೇಲೆ ಬಂದಂತೆ ಹೆದರ್ ಗಿಡದ ಪರಾಗ. ಎಂದರೆ, ಒಂದು ಕಾಲಕ್ಕೆ ಅಲ್ಲಿ ಕಾಡಿತ್ತು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ, ಕಂಚಿನ ಯುಗದ ಜನ ಬೇಸಾಯಕ್ಕೂ ದನ ಮೇಯಿಸಲಿಕ್ಕೂ ಆ ಕಾಡನ್ನು ದೊಡ್ಡ ಪ್ರಮಾಣದಲ್ಲಿ ಕಡಿದರು.

ಮರಳು ಮಣ್ಣಿನ ಮೇಲಿನ ಕಾಡು ಹೋದರೆ ಏನಾಗುತ್ತದೆ? ಮಳೆಯ ನೀರು ಮಣ್ಣಿನ ಖನಿಜಾಂಶಗಳನ್ನೂ ಕಬ್ಬಿಣವನ್ನೂ ಕರಗಿಸಿ ಕೆಳಕ್ಕೆ ಒಯ್ಯುತ್ತದೆ. ಮೇಲೆ ಬೂದಿಬಣ್ಣದ ಸತ್ವಹೀನ ಮರಳು ಉಳಿಯುತ್ತದೆ. ಕೆಳಗೆ ಕಬ್ಬಿಣ ಶೇಖರವಾಗಿ ಒಂದು ಗಟ್ಟಿ ಹಲ್ಲೆಯಂತಾಗುತ್ತದೆ. ಇಂತಹ ಮಣ್ಣಿಗೆ ವಿಜ್ಞಾನಿಗಳು 'ಪಾಡ್‌ಜಾಲ್' ಎಂದು ಹೆಸರಿಟ್ಟಿದ್ದಾರೆ. ಅದು ರಷ್ಯನ್ ಭಾಷೆಯ ಪದ, 'ಬೂದಿಯ ಕೆಳಗೆ' ಎಂಬ ಅರ್ಥದ್ದು. ಮಣ್ಣು ಹುಳಿಯಾಗುತ್ತದೆ. ಅದರ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಬೆಳೆ ಬರುವುದಿಲ್ಲ. ಜನ ಬೇರೆಡೆಗೆ ಹೋಗುತ್ತಾರೆ, ಬಯಲು ಉಳಿಯುತ್ತದೆ.

ಆದರೆ ಬಯಲನ್ನು ಹಾಗೇ ಬಿಟ್ಟಿದ್ದರೆ ಗಾಳಿಗೆ ಹಾರಿ ಬರುವ ಬರ್ಚ್ ಮತ್ತು ಪೈನ್ ಬೀಜಗಳು ಮೊಳೆತು ಕೆಲವು ದಶಕಗಳಲ್ಲಿ ಮತ್ತೆ ಮರಗಳು ತುಂಬಿಕೊಳ್ಳುತ್ತಿದ್ದವು. ಹಾಗಾಗದಂತೆ ತಡೆದವರು ಸುತ್ತಮುತ್ತಲ ಬಡವರು. ದನ, ಕುದುರೆ, ಕುರಿಗಳನ್ನು ಅಲ್ಲಿ ಮೇಯಿಸಿದರು. ಒಲೆಗೆ ಹೆಂಟೆಮಣ್ಣು ಕೊಯ್ದು ಒಣಗಿಸಿದರು. ಹೆದರ್ ಕೊಯ್ದು ಸೂರಿಗೆ ಹೊದಿಸಿದರು, ಪೊರಕೆ ಕಟ್ಟಿದರು. ಗೋರ್ಸ್ ಧಗಧಗನೆ ಉರಿಯುವುದರಿಂದ ಬ್ರೆಡ್ ಭಟ್ಟಿಗಳಿಗೆ ಅದೇ ಸೌದೆ. ಎಳೆಯ ಗೋರ್ಸ್ ಜಜ್ಜಿ ಕುದುರೆಗೆ ಮೇವೂ ಆಗುತ್ತಿತ್ತು. ಹಾರ್ಡಿಯ ಕ್ಲಿಮ್ ಮಾಡುತ್ತಿದ್ದದ್ದು ಈ ಕೆಲಸವನ್ನೇ. ಹೀಗೆ ಹೊಟ್ಟೆಪಾಡಿಗಾಗಿ ಮಾಡಿದ ಕೆಲಸ ತಿಳಿಯದೆಯೇ ಒಂದು ಜೀವಲೋಕವನ್ನು ಸಾವಿರಾರು ವರ್ಷ ಕಾಪಾಡಿತು.

ಬಡ ಮಣ್ಣಿನ ಸಿರಿ

ಸತ್ವವಿಲ್ಲದ ನೆಲದಲ್ಲಿ ಬದುಕುವುದು ಹೇಗೆ? ಹೀತ್‌ನ ಒಂದೊಂದು ಸಸ್ಯವೂ ಇದಕ್ಕೆ ಒಂದೊಂದು ಉಪಾಯ ಕಂಡುಕೊಂಡಿದೆ.

ಹೆದರ್ ಗಿಡದ ಉಪಾಯ ಪಾಲುದಾರಿಕೆ. ಅದರ ಕೂದಲೆಳೆಯಂತಹ ಬೇರುಗಳೊಳಗೆ ಒಂದು ಬಗೆಯ ಶಿಲೀಂಧ್ರ ಮನೆ ಮಾಡಿರುತ್ತದೆ. ಕೊಳೆಯಲು ಒಪ್ಪದ ಒಣ ಕಸವನ್ನು ಆ ಶಿಲೀಂಧ್ರ ಕರಗಿಸಿ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ. ಗಿಡ ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಜೂನ್ ತಿಂಗಳಲ್ಲಿ ಗಂಟೆಯಾಕಾರದ ಬೆಲ್ ಹೆದರ್ ಹೂಬಿಡಲು ಆರಂಭಿಸುತ್ತದೆ. ಆಗಸ್ಟ್ ವೇಳೆಗೆ ಲಿಂಗ್ ಎಂಬ ಸಾಮಾನ್ಯ ಹೆದರ್ ಅರಳಿದಾಗ ಇಡೀ ಬಯಲು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಗೋರ್ಸ್ ನಮ್ಮ ತೊಗರಿ, ಅವರೆಯ ಕುಟುಂಬದ್ದು. ಅದರ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರವಾಗಿಸುತ್ತದೆ. ಎಲೆಯ ಬದಲು ಮುಳ್ಳು ತಳೆದು ದನಗಳ ಬಾಯಿಂದಲೂ ತಪ್ಪಿಸಿಕೊಳ್ಳುತ್ತದೆ.

ಮೂರನೆಯ ಉಪಾಯ ಎಲ್ಲಕ್ಕಿಂತ ಸ್ವಾರಸ್ಯದ್ದು. ಜೌಗಿನ ಅಂಚಿನಲ್ಲಿ ನಾಣ್ಯದಗಲದ ಒಂದು ಗಿಡ ನೆಲಕ್ಕೆ ಒತ್ತಿಕೊಂಡಿರುತ್ತದೆ. ಅದರ ಎಲೆಯ ಮೇಲಿನ ಕೆಂಪು ಕೂದಲುಗಳ ತುದಿಯಲ್ಲಿ ಅಂಟಿನ ಹನಿಗಳು ಮುಂಜಾನೆಯ ಇಬ್ಬನಿಯಂತೆ ಹೊಳೆಯುತ್ತವೆ. ಹೊಳಪಿಗೆ ಮರುಳಾಗಿ ಕುಳಿತ ನೊಣ ಮತ್ತೆ ಏಳುವುದಿಲ್ಲ. ಕೂದಲುಗಳು ನಿಧಾನವಾಗಿ ಬಾಗಿ ಅದನ್ನು ಒತ್ತಿ ಹಿಡಿಯುತ್ತವೆ, ಎಲೆಯೇ ಹೊಟ್ಟೆಯಾಗಿ ಜೀರ್ಣಿಸುತ್ತದೆ. ಇದು ಸನ್‌ಡ್ಯೂ, ಸಸ್ಯಶಾಸ್ತ್ರದ ಹೆಸರು ಡ್ರಾಸೆರಾ. 1860ರ ಬೇಸಿಗೆಯಲ್ಲಿ ಸಸೆಕ್ಸ್ ಪ್ರಾಂತದ ಒಂದು ಹೀತ್‌ನಲ್ಲಿ ಇದರ ಎಲೆಗಳಿಗೆ ಸಿಕ್ಕ ಕೀಟಗಳ ಸಂಖ್ಯೆ ನೋಡಿ ಚಾರ್ಲ್ಸ್ ಡಾರ್ವಿನ್ ಬೆರಗಾದ. ಎಲೆಗಳಿಗೆ ಮಾಂಸದ ಚೂರು, ಮೊಟ್ಟೆ, ಗಾಜಿನ ಚೂರು ಎಲ್ಲವನ್ನೂ ಕೊಟ್ಟು ಪರೀಕ್ಷಿಸಿದ. ಹದಿನೈದು ವರ್ಷಗಳ ನಂತರ, 1875ರಲ್ಲಿ, ಕೀಟಾಹಾರಿ ಸಸ್ಯಗಳ ಬಗ್ಗೆ ಅವನ ಗ್ರಂಥ ಹೊರಬಂತು.

ಇದೇ ಡ್ರಾಸೆರಾದ ಬೇರೆ ಪ್ರಭೇದಗಳು ನಮ್ಮಲ್ಲೂ ಇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಕರಾವಳಿಯ ಜಂಬಿಟ್ಟಿಗೆ ಪಾದೆಗಳ ಮೇಲೆ ನೀರು ಜಿನುಗುವ ಕಡೆ ಕುಕ್ಕರುಗಾಲಿನಲ್ಲಿ ಕೂತು ಹುಡುಕಿ. ಕಾರಣವೂ ಅದೇ. ಮಣ್ಣಿನಲ್ಲಿ ಸಾರಜನಕ ಸಿಗದ ಕಡೆ ಗಿಡ ಅದನ್ನು ನೊಣದಿಂದ ಪಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸಸ್ಯಗಳು ಬಡತನಕ್ಕೆ ಹೊಂದಿಕೊಂಡವು. ನೆಲಕ್ಕೆ ಗೊಬ್ಬರ ಬಿದ್ದರೆ ಅವಕ್ಕೆ ಲಾಭವಿಲ್ಲ, ನಷ್ಟವೇ. ಆಗ ಹುಲ್ಲು ಚಿಗುರಿ ಹೆದರನ್ನು ಮೆಟ್ಟಿ ನಿಲ್ಲುತ್ತದೆ. ವಾಹನಗಳ ಹೊಗೆಯಿಂದಲೂ ದೊಡ್ಡ ಪಶುಶಾಲೆಗಳ ಅಮೋನಿಯಾದಿಂದಲೂ ಗಾಳಿಯ ಮೂಲಕ ಬಂದು ಬೀಳುವ ಸಾರಜನಕ ಇಂದು ಹೀತ್‌ಗಳಿಗೆ ಕಾಣದ ಶತ್ರುವಾಗಿದೆ.

ಬಿಸಿ ಮರಳಿನ ಒಕ್ಕಲು

ಬ್ರಿಟನ್ನಿನಲ್ಲಿ ಸ್ಥಳೀಯವಾದ ಸರೀಸೃಪಗಳು ಆರೇ ಆರು: ಮೂರು ಹಾವು, ಮೂರು ಹಲ್ಲಿ. ಪೂಲ್ ಬಂದರಿನ ದಕ್ಷಿಣದ ಪರ್ಬೆಕ್ ಹೀತ್‌ಗಳಲ್ಲಿ ಈ ಆರೂ ಇವೆ. ಚಳಿಯ ದೇಶದಲ್ಲಿ ತಣ್ಣನೆಯ ರಕ್ತದ ಪ್ರಾಣಿಗೆ ಬಿಸಿಲೇ ಆಸ್ತಿ. ಮರದ ನೆರಳಿಲ್ಲದ ಮರಳು ಬೇಗ ಕಾಯುತ್ತದೆ. ಸ್ಯಾಂಡ್ ಲಿಜರ್ಡ್ ಎಂಬ ಮರಳುಹಲ್ಲಿಗೆ ಇದು ಜೀವನ್ಮರಣದ ಪ್ರಶ್ನೆ. ಅಲ್ಲಿನ ಉಳಿದ ಎರಡು ಹಲ್ಲಿಗಳು ಮರಿ ಹಾಕುತ್ತವೆ, ಇದು ಮಾತ್ರ ಮೊಟ್ಟೆಯಿಡುತ್ತದೆ. ಬಿಸಿಲು ಬೀಳುವ ಬರಿ ಮರಳಿನಲ್ಲಿ ಹೂತಿಟ್ಟರಷ್ಟೇ ಮೊಟ್ಟೆ ಒಡೆಯುತ್ತದೆ. ಒಂದು ಪೈನ್ ಮರದ ನೆರಳು ಆ ಜಾಗದ ಮೇಲೆ ಬಿದ್ದರೆ ಒಂದು ಪೀಳಿಗೆಯೇ ಇಲ್ಲವಾಗಬಹುದು. ಗರಗಸ ಹಿಡಿದವರ ಮುಖದ ಸಂತೋಷ ಈಗ ಅರ್ಥವಾಗತೊಡಗಿತೇ?

ಸಿಲ್ವರ್ ಸ್ಟಡೆಡ್ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆ ಇರುವೆಗಳ ಆಶ್ರಿತ. ಇದರ ಮರಿಹುಳು ಸಿಹಿ ರಸವನ್ನು ಒಸರುತ್ತದೆ. ರಸದಾಸೆಗೆ ಕಪ್ಪಿರುವೆಗಳು ಹುಳುವನ್ನು ತಮ್ಮ ಗೂಡಿನಲ್ಲಿಟ್ಟು ಶತ್ರುಗಳಿಂದ ಕಾಯುತ್ತವೆ. ಹುಳು ಕೋಶಾವಸ್ಥೆಯನ್ನೂ ಅಲ್ಲಿಯೇ ಕಳೆದು, ಚಿಟ್ಟೆಯಾಗಿ ಹೊರಬರುತ್ತದೆ. ಇರುವೆಗೆ ಬೆಚ್ಚಗಿನ ನೆಲ ಬೇಕು, ಹುಳುವಿಗೆ ಎಳೆಯ ಹೆದರ್ ಚಿಗುರು ಬೇಕು. ಎರಡೂ ಒಟ್ಟಿಗೆ ಇರುವ ಕಡೆ ಮಾತ್ರ ಚಿಟ್ಟೆ.

ಇನ್ನೊಂದು ಅಪರೂಪದ ಜೀವಿಯನ್ನು ಇಂಗ್ಲಿಷಿನಲ್ಲಿ ಲೇಡಿಬರ್ಡ್ ಸ್ಪೈಡರ್ ಎನ್ನುತ್ತಾರೆ. ಗಂಡಿನ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳು. ನಾವು ಗುಲಗಂಜಿ ಜೇಡ ಎನ್ನಬಹುದು. ಬ್ರಿಟನ್ನಿನಿಂದ ಅಳಿದೇ ಹೋಯಿತೆಂದು ದಶಕಗಳ ಕಾಲ ನಂಬಿದ್ದ ಈ ಜೇಡ ಡಾರ್ಸೆಟ್‌ನ ಒಂದೇ ಒಂದು ಜಾಗದಲ್ಲಿ ಮತ್ತೆ ಕಂಡಿತು. 1994ರಲ್ಲಿ ಎಣಿಸಿದಾಗ ಇದ್ದವು 56. ಅವುಗಳ ಸಂತತಿಯನ್ನು ಬೇರೆ ಹೀತ್‌ಗಳಿಗೆ ಸಾಗಿಸುವುದು ಹೇಗೆ? ಖಾಲಿ ನೀರಿನ ಬಾಟಲಿಗಳಲ್ಲಿ ಹೆದರ್ ಮತ್ತು ಪಾಚಿ ತುಂಬಿ, ಜೇಡ ಅದರೊಳಗೆ ಬಲೆಮನೆ ಕಟ್ಟಿಕೊಂಡ ಮೇಲೆ ಬಾಟಲಿಯನ್ನೇ ಒಯ್ದು ಹೊಸ ನೆಲದಲ್ಲಿ ಹೂತರು. 2011ರಲ್ಲಿ ಆರ್ನ್ ಎಂಬ ನಿಸರ್ಗಧಾಮಕ್ಕೂ ಅವು ಹೀಗೆಯೇ ಬಂದವು. ನಾವು ಬಿಸಾಡುವ ಬಾಟಲಿ ಒಂದು ಜೀವಿಗೆ ವಾಹನವಾಯಿತು.

ಒಂದು ಚಳಿಗಾಲ, ಹನ್ನೊಂದು ಜೋಡಿ

ಆರ್ನ್ ನಿಸರ್ಗಧಾಮದ ಹುಟ್ಟಿಗೆ ಒಂದು ಹಕ್ಕಿ ಕಾರಣ. ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬುದು ಉಲಿಯಕ್ಕಿಗಳ ಗುಂಪಿಗೆ ಸೇರಿದ, ಉದ್ದ ಬಾಲದ, ದ್ರಾಕ್ಷಾರಸದ ಬಣ್ಣದ ಎದೆಯ ಪುಟ್ಟ ಹಕ್ಕಿ. ಕೀಟಾಹಾರಿಗಳಾದ ಇದರ ಬಂಧುಗಳಲ್ಲಿ ಹೆಚ್ಚಿನವು ಚಳಿ ಬಂದೊಡನೆ ದಕ್ಷಿಣಕ್ಕೆ ಹಾರಿಹೋಗುತ್ತವೆ. ಇದು ಹೋಗುವುದಿಲ್ಲ. ದಟ್ಟ ಗೋರ್ಸ್ ಪೊದೆಯ ಒಳಗೆ ಹಿಮ ಬೀಳದ ಜಾಗದಲ್ಲಿ ಜೇಡ, ಹುಳುಗಳನ್ನು ಹುಡುಕಿಕೊಂಡು ಚಳಿಗಾಲ ನೂಕುತ್ತದೆ.

1962–63ರ ಚಳಿಗಾಲ ಇಂಗ್ಲೆಂಡಿನಲ್ಲಿ ಆ ಶತಮಾನದಲ್ಲೇ ಅತಿ ಕಠೋರವಾದದ್ದು. ವಾರಗಟ್ಟಲೆ ಹಿಮ ಕರಗಲಿಲ್ಲ. ವಸಂತದಲ್ಲಿ ಎಣಿಸಿದಾಗ ಇಡೀ ಬ್ರಿಟನ್ನಿನಲ್ಲಿ ಈ ಹಕ್ಕಿಯ ಹತ್ತು ಹನ್ನೊಂದು ಜೋಡಿ ಮಾತ್ರ ಉಳಿದಿದ್ದವು. ಅದಾದ ಕೆಲವೇ ವರ್ಷಗಳಲ್ಲಿ, 1960ರ ದಶಕದ ಮಧ್ಯದಲ್ಲಿ, ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ರಾಯಲ್ ಸೊಸೈಟಿ ಆರ್ನ್‌ನ ಹೀತ್ ನೆಲವನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಹಕ್ಕಿಗೆ ಬೇಕಾದ ಪೊದೆಗಳನ್ನು ಕಾಪಾಡಿತು. 2006ರ ಗಣತಿಯ ಹೊತ್ತಿಗೆ ದೇಶದಲ್ಲಿ ಸುಮಾರು 3,200 ನೆಲೆಗಳು ಕಂಡವು. ನಂತರದ ಕೆಲವು ಹಿಮದ ವರ್ಷಗಳು ಸಂಖ್ಯೆಯನ್ನು ಮತ್ತೆ ತಗ್ಗಿಸಿದವು. ಆದರೂ ಹಕ್ಕಿ ಉಳಿದಿದೆ.

ಮೇ ತಿಂಗಳಲ್ಲಿ ಆಫ್ರಿಕದಿಂದ ಇನ್ನೊಂದು ಹಕ್ಕಿ ಬರುತ್ತದೆ, ನೈಟ್‌ಜಾರ್. ನಮ್ಮ ನತ್ತಿಂಗ ಹಕ್ಕಿಯ ಹತ್ತಿರದ ಸಂಬಂಧಿ. ಕತ್ತಲಾದ ಮೇಲೆ ಹೊಲಿಗೆ ಯಂತ್ರ ನಿಲ್ಲದೆ ತಿರುಗಿದಂತೆ ಕೂಗುತ್ತದೆ. ಗೂಡು ಕಟ್ಟದೆ ಬರಿ ನೆಲದಲ್ಲೇ ಮೊಟ್ಟೆಯಿಡುತ್ತದೆ. ಇದು ರಾತ್ರಿ ಮೇಕೆಗಳ ಹಾಲು ಕುಡಿಯುತ್ತದೆಂಬ ಹಳೆಯ ಮೂಢನಂಬಿಕೆಯಿಂದಾಗಿ ಇದರ ಲ್ಯಾಟಿನ್ ಹೆಸರಿಗೂ 'ಮೇಕೆ ಹೀರುವ ಹಕ್ಕಿ' ಎಂದೇ ಅರ್ಥ. ಪಾಪ, ಅದು ಹಿಡಿಯುವುದು ಹಾರಾಡುವ ಪತಂಗಗಳನ್ನು.

ಬಯಲು ಕರಗಿದ ಬಗೆ

ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಡಾರ್ಸೆಟ್‌ನಲ್ಲಿ ಸುಮಾರು 40,000 ಹೆಕ್ಟೇರ್ ಹೀತ್ ಇತ್ತು. 1978ರ ವೇಳೆಗೆ ಉಳಿದದ್ದು 6,000 ಹೆಕ್ಟೇರ್‌ಗೂ ಕಡಿಮೆ. ಅದೂ ನೂರಾರು ತುಂಡುಗಳಾಗಿ.

ಕಾರಣಗಳು ಹಲವು. ರೈಲಿನಲ್ಲಿ ಕಲ್ಲಿದ್ದಲು ಬಂದಾಗ ಗೋರ್ಸ್ ಕಡಿಯುವವರಿಗೆ ಕೆಲಸ ತಪ್ಪಿತು. ರಾಸಾಯನಿಕ ಗೊಬ್ಬರ ಬಂದಾಗ ಹುಳಿ ಮಣ್ಣನ್ನೂ ಹೊಲ ಮಾಡಲು ಸಾಧ್ಯವಾಯಿತು. ಮೊದಲ ಮಹಾಯುದ್ಧದಲ್ಲಿ ಮರಮಟ್ಟಿನ ಕೊರತೆ ಕಂಡ ಸರ್ಕಾರ 1919ರಲ್ಲಿ ಅರಣ್ಯ ಆಯೋಗ ರಚಿಸಿತು. ನಂತರದ ದಶಕಗಳಲ್ಲಿ ವಿಶಾಲ ಹೀತ್‌ಗಳ ಮೇಲೆ ಸಾಲುಸಾಲಾಗಿ ಪೈನ್ ನೆಡಲಾಯಿತು. ಊರುಗಳು ಬೆಳೆದವು. ಇಂದು ದೊಡ್ಡ ನಗರವಾಗಿರುವ ಬೋರ್ನ್‌ಮತ್ 1810ರವರೆಗೆ ಬಹುಪಾಲು ಹೀತ್ ಬಯಲೇ ಆಗಿತ್ತು. 1950ರ ದಶಕದಲ್ಲಿ ವಿನ್‌ಫ್ರಿತ್ ಹೀತ್ ಮೇಲೆ ಪರಮಾಣು ಸಂಶೋಧನಾ ಕೇಂದ್ರ ಎದ್ದಿತು. ಅದೇ ದಶಕದಲ್ಲಿ ಒಂದು ವೈರಸ್ ರೋಗಕ್ಕೆ ಮೊಲಗಳು ಸತ್ತು, ಸಸಿಗಳನ್ನು ಮೇಯುವ ಬಾಯಿಗಳೂ ಇಲ್ಲದಾದವು.

ಇದಕ್ಕೆಲ್ಲ ಹಿಂದೆ ಒಂದೇ ಮಾತು ಇತ್ತು: "ಅದು ಹೇಗೂ ಪಾಳು ನೆಲ ತಾನೇ?" ಬೆಳೆ ಇಲ್ಲದ, ಕಾಡೂ ಅಲ್ಲದ ನೆಲಕ್ಕೆ ಬೆಲೆಯಿಲ್ಲ ಎಂಬ ಲೆಕ್ಕಾಚಾರ.

ಮತ್ತೆ ಕಟ್ಟುವ ಕೆಲಸ

2020ರಲ್ಲಿ ಪರ್ಬೆಕ್‌ನ ಏಳು ಸಂಸ್ಥೆಗಳೂ ಭೂಮಾಲೀಕರೂ ಕೂಡಿ ತಮ್ಮ ಬೇರೆ ಬೇರೆ ಧಾಮಗಳ ಬೇಲಿ ಮರೆತು, 3,331 ಹೆಕ್ಟೇರ್‌ನ ಒಂದೇ ರಾಷ್ಟ್ರೀಯ ನಿಸರ್ಗಧಾಮವನ್ನು ರಚಿಸಿದರು. ಆರ್ನ್ ಅದರ ಭಾಗ. ದನ, ಎಕ್ಸ್‌ಮೂರ್ ಕುದುರೆ, ಹಂದಿಗಳನ್ನು ಅಲ್ಲಿ ಮೇಯಲು ಬಿಟ್ಟಿದ್ದಾರೆ. ಹಂದಿಗಳು ಮೂತಿಯಿಂದ ನೆಲ ಅಗೆದು ಬರಿ ಮರಳನ್ನು ತೆರೆದರೆ ಹಲ್ಲಿಗೆ ಜಾಗವಾಯಿತು. ಹಳೆಯ ಪೈನ್ ತೋಪುಗಳನ್ನು ಕಡಿದ ಕಡೆ ಮಣ್ಣಿನಲ್ಲಿ ದಶಕಗಳಿಂದ ಮಲಗಿದ್ದ ಹೆದರ್ ಬೀಜಗಳು ಬೆಳಕು ಕಂಡು ಮೊಳೆಯುತ್ತವೆ. ಯಾರೂ ಬಿತ್ತಬೇಕಿಲ್ಲ.

ಅಪಾಯಗಳು ಮುಗಿದಿಲ್ಲ. 2020ರ ಮೇ ತಿಂಗಳಲ್ಲಿ ಹತ್ತಿರದ ವೇರ್‌ಹ್ಯಾಮ್ ಅರಣ್ಯದಲ್ಲಿ ಬೆಂಕಿ ಬಿದ್ದು ಸುಮಾರು 200 ಹೆಕ್ಟೇರ್ ಕಾಡು ಮತ್ತು ಹೀತ್ ಸುಟ್ಟಿತು. ಅಲ್ಲಿ ವಿಹಾರಿಗಳು ಬಿಟ್ಟುಹೋದ ಅಡುಗೆ ಒಲೆಗಳ ಅವಶೇಷ ಸಿಕ್ಕವು. ಮಾಲಿಯ ಕೈಯ ಬೆಂಕಿ ಚಳಿಗಾಲದಲ್ಲಿ ಹಳೆಯ ಪೊದೆಯನ್ನಷ್ಟೇ ಸುಡುತ್ತದೆ. ಬೇಸಿಗೆಯ ಬೇಜವಾಬ್ದಾರಿ ಬೆಂಕಿ ಹಲ್ಲಿ, ಹಾವು, ಗೂಡಿನ ಮರಿ ಯಾವುದನ್ನೂ ಬಿಡುವುದಿಲ್ಲ.

ನಮ್ಮ ಮಾತು

ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುತ್ತೀರಾ? ನೇರ ಸಂಬಂಧವೇ ಇದೆ. ಹೀತ್‌ನ ಗೋರ್ಸ್ ಗಿಡವನ್ನು ಬ್ರಿಟಿಷರು ತಂದು ನೀಲಗಿರಿ ಬೆಟ್ಟಗಳಲ್ಲಿ ನೆಟ್ಟರು. ತನ್ನ ನಾಡಿನಲ್ಲಿ ಹಕ್ಕಿಗೆ ಮನೆಯಾದ ಗಿಡ ಇಲ್ಲಿ ಊಟಿಯ ಸುತ್ತಲಿನ ಹುಲ್ಲುಗಾವಲನ್ನು ನುಂಗುವ ಕಳೆಯಾಯಿತು. ಗಿಡ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದು ನಿಂತ ನೆಲವನ್ನು ನೋಡಿ ಹೇಳಬೇಕಾದ ಮಾತು.

ನಮ್ಮಲ್ಲೂ ಬಯಲುಗಳಿವೆ. ಅಮೃತ ಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಮೀಸಲಾಗಿದ್ದ ಕಾವಲುಗಳು, ಊರೂರಿನ ಗೋಮಾಳಗಳು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಧಾಮ ಘೋಷಣೆಯಾಯಿತು. ಎರೆಭೂತ ಎಂಬ ದೊಡ್ಡ ಬಯಲುಹಕ್ಕಿಗೂ ಅದು ಹೆಸರಾಗಿತ್ತು. ಆದರೆ ಆ ನೆಲದ ಬಹುಭಾಗದಲ್ಲಿ ನೀಲಗಿರಿ ಮರದ ನೆಡುತೋಪುಗಳು. ದೂರದವರೆಗೆ ಕಣ್ಣು ಹಾಯಿಸಿ ಶತ್ರುವನ್ನು ಕಾಣಬೇಕಾದ ಪ್ರಾಣಿಗೆ, ಹಕ್ಕಿಗೆ ಮರಗಳ ಸಾಲು ಗೋಡೆಯಿದ್ದಂತೆ. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಎರೆಭೂತ ಈಗ ಅಲ್ಲಿ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ನಮ್ಮ ಕಾಲೇಜಿನ ಶ್ರಮದಾನ ಶಿಬಿರ ಒಂದು ಹಳ್ಳಿಯ ಹುಲ್ಲುಗುಡ್ಡದ ಮೇಲೆ ನಡೆಯಿತು. ಹತ್ತು ದಿನ ಗುಂಡಿ ತೋಡಿ ನೂರಾರು ಅಕೇಶಿಯಾ ಸಸಿ ನೆಟ್ಟೆವು. ಮೊದಲ ದಿನ ಗುದ್ದಲಿ ಬಿದ್ದ ಸದ್ದಿಗೆ ನೆಲಗುಬ್ಬಿಗಳು ಪುರ್ರನೆ ಎದ್ದು ಆಕಾಶದಲ್ಲಿ ಕೂಗುತ್ತಿದ್ದವು. ಹಾಡಿನಿಂದ ನಮ್ಮನ್ನು ಸ್ವಾಗತಿಸುತ್ತಿವೆ ಎಂದು ಗೆಳೆಯನೊಬ್ಬ ತಮಾಷೆ ಮಾಡಿದ, ಎಲ್ಲರೂ ನಕ್ಕೆವು. ಕುರಿ ಕಾಯುತ್ತಿದ್ದ ಅಜ್ಜನೊಬ್ಬ, "ಇಲ್ಲಿ ಗಿಡ ಹಾಕಿದ್ರೆ ಕುರಿ ಎಲ್ಲಿಗ್ ಹೋಗ್ಬೇಕು ಮಗಾ?" ಎಂದ. ನಾವು ಅವನಿಗೇ ಪರಿಸರದ ಮಹತ್ವ ವಿವರಿಸಿದೆವು! ಹಲವು ವರ್ಷಗಳ ನಂತರ ಚಿತ್ರೀಕರಣಕ್ಕೆ ಆ ದಾರಿಯಲ್ಲಿ ಹೋದಾಗ ಕಾರು ನಿಲ್ಲಿಸಿ ಗುಡ್ಡ ಹತ್ತಿದೆ. ಸಸಿಗಳು ಚೆನ್ನಾಗಿ ಬೆಳೆದಿದ್ದವು. ಬುಡದಲ್ಲಿ ಒಣ ಎಲೆಯ ಹಾಸು, ಒಂದು ಹುಲ್ಲೆಸಳಿಲ್ಲ. ಧ್ವನಿಗ್ರಾಹಕ ಹಿಡಿದ ನಮ್ಮ ಹುಡುಗ, "ಸಾರ್, ಇಲ್ಲಿ ರೆಕಾರ್ಡ್ ಮಾಡೋಕೆ ಏನೂ ಇಲ್ಲ" ಎಂದ.

ಹಾಗೆಂದು ಮರ ನೆಡಬೇಡಿ ಎಂದು ನಾನು ಹೇಳುತ್ತಿಲ್ಲ. ಕಾಡು ಕಳೆದುಕೊಂಡ ನೆಲಕ್ಕೆ, ರಸ್ತೆಯಂಚಿಗೆ, ಶಾಲೆಯಂಗಳಕ್ಕೆ ಖಂಡಿತ ನೆಡಿ. ಆದರೆ ಮುಂದಿನ ವನಮಹೋತ್ಸವದಲ್ಲಿ ಗುದ್ದಲಿ ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿ. ಈ ನೆಲದಲ್ಲಿ ಈಗ ಯಾರು ಬದುಕುತ್ತಿದ್ದಾರೆ? ಹಿಂದೆ ಇಲ್ಲಿ ನಿಜವಾಗಿ ಕಾಡಿತ್ತೇ? ಇಲ್ಲಿ ಕುರಿ, ದನ ಕಾಯುವವರು ಏನು ಹೇಳುತ್ತಾರೆ? ಉತ್ತರ ಸಿಗಲು ಒಂದು ದಿನ ಬೇಕಾಗಬಹುದು. ಬೆಳಗಿನ ಆರು ಗಂಟೆಗೆ ಹೋಗಿ, ಒಂದು ಗಂಟೆ ಸುಮ್ಮನೆ ಕೂತು, ಕಂಡ ಕೇಳಿದ ಜೀವಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಪಟ್ಟಿಯಲ್ಲಿ ನೆಲಗುಬ್ಬಿ ಇದ್ದರೆ, ಸಸಿಗಳನ್ನು ಬೇರೆ ಜಾಗಕ್ಕೆ ಒಯ್ಯಿರಿ.

ನಮ್ಮ ಸಂಕಲನಕಾರರು ಕೊನೆಗೂ ಆ ಗರಗಸದ ದೃಶ್ಯವನ್ನು ತೆಗೆಯಲಿಲ್ಲ. ಅದರ ಬೆನ್ನಿಗೇ ಬಿಸಿ ಮರಳಿನ ಮೇಲೆ ಬಿಸಿಲು ಕಾಯಿಸುತ್ತಿರುವ ಹಲ್ಲಿಯೊಂದರ ದೃಶ್ಯವನ್ನು ಜೋಡಿಸಿದರು. "ಈಗ ಬೈಯೋದಿಲ್ಲ ಬಿಡಿ ಸಾರ್" ಎಂದರು.